ಶಿವಮೊಗ್ಗದ ಎರಡನೇ ‘ಜಿ’

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋದಾಗ ಅಂಗಡಿ ಬೋರ್ಡುಗಳ ಇಂಗ್ಲಿಷ್ ಸಾಲಿನ ಮೇಲೆ ಕಣ್ಣಾಡಿಸಿ. ಜಿಲ್ಲೆಯ ಹೆಸರಿಗೆ ಒಂದು ಕಡೆ ಒಂದೇ ಜಿ, ಪಕ್ಕದಂಗಡಿಯಲ್ಲಿ ಎರಡು, ಇನ್ನೊಂದರಲ್ಲಿ ಹಳೆಯ ‘ಶಿಮೊಗಾ’. ಸರಿಯಾದದ್ದು ಎರಡು ಜಿ. 2014ರ ನವೆಂಬರ್ 1ರಿಂದ ಅಧಿಕೃತವೂ ಅದೇ.

ಇಂಗ್ಲಿಷಿನ ಜೋಡಿ ಅಕ್ಷರ ಸಾಮಾನ್ಯವಾಗಿ ಕಿವಿಗೆ ಬೀಳುವುದಿಲ್ಲ. ‘ಅಕಾಮಡೇಶನ್’ ಬರೆಯಲು ಎರಡು ಸಿ, ಎರಡು ಎಂ ಬೇಕು. ಬಾಯಿಗೆ ಒಂದೊಂದೇ ಸಾಕು. ಹೋಮ್‌ಸ್ಟೇ ಬೋರ್ಡುಗಳಲ್ಲಿ ಒಂದು ಎಂ ಕಾಣೆಯಾಗುವುದು ಹಾಗೆ. (ಇಂಗ್ಲಿಷರೂ ತಪ್ಪುತ್ತಾರೆ, ನಾಚಿಕೆ ಬೇಡ.) ನಮ್ಮ ಒತ್ತಿನ ಬಾಳೇ ಬೇರೆ. ಅದನ್ನು ಬಿಟ್ಟರೆ ಕತ್ತೆ ಕತೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ. ಬ್ರಿಟಿಷರ ಕಾಲದ ಕಾಗುಣಿತದಲ್ಲಿ ಹುಬ್ಬಳ್ಳಿಯ ಎರಡೂ ಒತ್ತು ಹೋದವು, ಚಿಕ್ಕಮಗಳೂರಿನ ಒಂದು ಕೆ ಹೋಯಿತು, ಶಿವಮೊಗ್ಗ ‘ವ’ವನ್ನೂ ಕಳೆದುಕೊಂಡಿತು. ತೀರ್ಥಹಳ್ಳಿ ಪುಣ್ಯ ಮಾಡಿತ್ತು, ಅದರ ಎರಡು ಎಲ್ ಉಳಿದವು.

ತಮಾಷೆಯೆಂದರೆ, ಶಿವಮೊಗ್ಗದ ಹೆಸರಿಗೆ ಜನ ಹೇಳುವ ಮೂಲ ಎರಡು: ಶಿವನ ಮೊಗ, ಸಿಹಿ ಮೊಗೆ. ಎರಡರಲ್ಲೂ ಒತ್ತಿಲ್ಲ! ಸ್ಥಳಪುರಾಣದ ಲೆಕ್ಕ ಹಿಡಿದರೆ ಒಂದೇ ಜಿ ಬರೆದ ಹಳೆಯ ಗುಮಾಸ್ತನೇ ಗೆದ್ದ. ಆದರೆ ಮಲೆನಾಡಿನಲ್ಲಿ ಯಾರ ಬಾಯಲ್ಲೂ ‘ಶಿವಮೊಗ’ ಬರುವುದಿಲ್ಲ. ನನ್ನ ಓಟು ಬಾಯಿಗೆ.

ಊರಿನವರು ಕರೆದಂತೆಯೇ ಇಂಗ್ಲಿಷಿನಲ್ಲೂ ಬರೆಯಬೇಕೆಂದು ಸರ್ಕಾರಕ್ಕೆ ಹೇಳಿದವರು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ. ಸುವರ್ಣ ಕರ್ನಾಟಕದ ಹೊಸ್ತಿಲಲ್ಲಿ, 2005ರಲ್ಲಿ, ಅವರು ಬೆಂಗಳೂರಿನ ಹೆಸರೆತ್ತಿದರು. ಮುಖ್ಯಮಂತ್ರಿ ಧರ್ಮಸಿಂಗ್ ಒಪ್ಪಿದರು. ಪಟ್ಟಿ ಬೆಳೆದು 12 ಊರುಗಳಾದವು. ವರ್ಷಗಟ್ಟಲೆ ಕಾದ ಮೇಲೆ, 2014ರ ಅಕ್ಟೋಬರಿನಲ್ಲಿ ಕೇಂದ್ರ ಹೂಂ ಅಂದಿತು. ಅದೇ ವರ್ಷದ ಆಗಸ್ಟ್ 22ರಂದು ಅನಂತಮೂರ್ತಿ ತೀರಿಕೊಂಡಿದ್ದರು.

ಸಾಗರ, ಹೊಸನಗರಗಳಿಗೆ ಒತ್ತಿನ ರಗಳೆಯಿಲ್ಲ. ಅಲ್ಲಿ ಬೀಳುವುದು ಕೊನೆಯ ‘ಎ’. ಅದು ಬಿದ್ದರೆ ನಮ್ಮ ಸಾಗರ ಮಧ್ಯಪ್ರದೇಶದ ಸಾಗರ್ ಆಗಿಬಿಡುತ್ತದೆ. ಅಂಚೆಯವರಿಗೆ ಮಾತ್ರ ಈ ಚಿಂತೆ ಕಡಿಮೆ. 1972ರಲ್ಲಿ ಪಿನ್ ಕೋಡ್ ಬಂತಲ್ಲ. ‘ಎ’ ಬಿಟ್ಟರೂ 577401 ಎಂದಿದ್ದರೆ ಕಾಗದ ಸಾಗರಕ್ಕೆ, ಎಲ್ ಎಷ್ಟೇ ಇರಲಿ, 577432 ಎಂದಿದ್ದರೆ ತೀರ್ಥಹಳ್ಳಿಗೆ.