ಯಡತೊರೆಯೋ, ಕೃಷ್ಣರಾಜನಗರವೋ?

ಮನೆಯ ಪೆಟ್ಟಿಗೆಯ ತಳದಲ್ಲಿದ್ದ ಅಜ್ಜನ ಕಾಲದ ಕ್ರಯಪತ್ರದಲ್ಲಿ ‘ಯಡತೊರೆ ತಾಲ್ಲೂಕು’ ಎಂದಿರುವುದನ್ನು ಕಂಡು ಗಾಬರಿಗೊಂಡ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ತಮ್ಮ ಜಮೀನು ಕೃಷ್ಣರಾಜನಗರ ತಾಲ್ಲೂಕಿನದು. ಪತ್ರವು ಬೇರೆಲ್ಲಿಯದೋ ಆಗಿರಬಹುದೇ ಎಂಬುದು ಅವರ ಶಂಕೆ. ಸೀಮೆ ಒಂದೇ, ಹೆಸರು ಮಾತ್ರ ಬದಲಾಗಿದೆಯೆಂದು ನಾವು ಸಮಾಧಾನ ಹೇಳಿದೆವು.

ಎಡ, ತೊರೆ ಎಂಬೆರಡು ಅಚ್ಚಗನ್ನಡದ ಮಾತುಗಳು ಕೂಡಿ ಹಳೆಯ ಹೆಸರಾಯಿತು. ಕಾವೇರಿಯು ಅಲ್ಲಿ ಎಡಕ್ಕೆ ಹೊರಳುವುದೇ ಇದಕ್ಕೆ ಕಾರಣವೆಂದು ಹಿರಿಯರು ಹೇಳುವರು. 1924ರಲ್ಲಿ ಆ ಹೊಳೆಯೇ ಉಕ್ಕಿ ಹರಿದ ತರುವಾಯ, ನೀರಿನ ಭಯವಿಲ್ಲದ ನೆಲದಲ್ಲಿ ಹೊಸ ಪಟ್ಟಣವನ್ನು ಕಟ್ಟಿ, ಆಗ ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನಿಟ್ಟರು. ತಾಲ್ಲೂಕಿಗೂ ಆ ಹೆಸರೇ ಬಂದಿತು. ಅರ್ಕೇಶ್ವರನ ಗುಡಿಯಿರುವ ಮೂಲದ ಊರು ಇಂದಿಗೂ ‘ಹಳೆ ಯಡತೊರೆ’.

ಇಷ್ಟುದ್ದದ ಹೆಸರನ್ನು ಹೊರಲು ನಾಲಗೆಯು ಒಪ್ಪಲಿಲ್ಲ. ಹೆಗ್ಗಡದೇವನಕೋಟೆಯು ‘ಎಚ್.ಡಿ. ಕೋಟೆ’ಯಾದಂತೆ ಇದು ‘ಕೆ.ಆರ್. ನಗರ’ವಾಯಿತು. ಈ ವಿಷಯದಲ್ಲಿ ಹುಣಸೂರಿನವರು ಪುಣ್ಯವಂತರು. ಅವರ ಹುಣಸೆಯನ್ನು ಯಾರೂ ಎರಡಕ್ಷರಕ್ಕೆ ಇಳಿಸಿಲ್ಲ! ಬಸ್ಸು ಹತ್ತುವುದಕ್ಕೆ ‘ಕೆ.ಆರ್.’ ಧಾರಾಳವಾಗಿ ಸಾಕು. ಆದರೆ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯೂ ಪಕ್ಕದಲ್ಲಿಯೇ ‘ಕೆ.ಆರ್. ಪೇಟೆ’ಯಾಗಿ ಕುಳಿತಿರುವುದರಿಂದ, ಪುರಾಡಳಿತಕ್ಕಾಗಲಿ ತಾಲ್ಲೂಕು ಕಚೇರಿಗಾಗಲಿ ಅರ್ಜಿ ಬರೆಯುವವರು ಪೂರ್ತಿ ಹೆಸರನ್ನು ಬರೆಯುವುದೇ ಲೇಸು.

ನಮ್ಮಲ್ಲಿಗೆ ಬಂದ ಗೃಹಸ್ಥರು ‘ಯಡತೊರೆ ಎಂದರೆ ಕೃಷ್ಣರಾಜನಗರ’ ಎಂದು ಒಂದು ಚೀಟಿಯಲ್ಲಿ ಬರೆದು, ಮಕ್ಕಳಿಗಾಗಿ ಪತ್ರದೊಳಗೇ ಮಡಿಸಿಟ್ಟರು.