ಇಂಗ್ಲಿಷ್ ಕ್ರಿಯಾಪದದ ಬಾಲಂಗೋಚಿ

ಕೊಡಗಿನ ಮನೆಗಳಲ್ಲಿ ಹಿರಿಯರ ಭಾವಚಿತ್ರಗಳ ಸಾಲಿನಲ್ಲಿ ಸೈನಿಕ ಸಮವಸ್ತ್ರದ ಚಿತ್ರವೊಂದಾದರೂ ಇರುವುದು ವಾಡಿಕೆ. ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1926ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯದಿಂದ ಅಧಿಕಾರಿಯಾಗಿ ಹೊರಬಂದರು. ಆ ಹಾದಿ ಹಿಡಿದ ಕೊಡಗಿನ ತರುಣರು ಆಮೇಲೆ ಎಷ್ಟೋ ಮಂದಿ. ಆದುದರಿಂದ ‘ಪಾಸಿಂಗ್ ಔಟ್ ಪೆರೇಡ್’ ಎಂಬ ಮಾತು ಅಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಹೊಸದಲ್ಲ. ಮೊಮ್ಮಗ ‘ಪಾಸ್ ಔಟ್’ ಆದನೆಂದರೆ ಮನೆಯಲ್ಲಿ ಹಬ್ಬ. ಅದೇ ಎರಡು ಶಬ್ದಗಳನ್ನು ಅಮೆರಿಕದವನೊಬ್ಬನ ಮುಂದೆ ಆಡಿ ನೋಡಿ. ‘ಪಾಪ, ಎಚ್ಚರ ಬಂದಿತೆ?’ ಎಂದು ಅವನು ಗಾಬರಿಯಿಂದ ಕೇಳಿಯಾನು. ಅಲ್ಲಿಯವರಿಗೆ ‘ಪಾಸ್ ಔಟ್’ ಎಂದರೆ ಮೂರ್ಛೆ ಹೋಗುವುದು. ಇನ್ನು ‘ಔಟ್’ ಹೋಗಿ ಅದರ ಜಾಗದಲ್ಲಿ ‘ಅವೇ’ ಬಂದಿತೋ, ಮನೆಗೆ ಸೂತಕವೇ ಬಂದಂತೆ!

ಕ್ರಿಯಾಪದ ಒಂದೇ, ಅದರ ಹಿಂದೆ ತೂಗುವ ಬಾಲಂಗೋಚಿಯಷ್ಟೇ ಬೇರೆ. ‘ಪುಟ್’ ಎಂದರೆ ಇಡು ಎಂಬುದನ್ನು ಎಳೆಯ ಮಕ್ಕಳೂ ಬಲ್ಲರು. ಆದರೆ ‘ಪುಟ್ ಆನ್’ ಎಂದರೆ ತೊಡು, ‘ಪುಟ್ ಔಟ್’ ಎಂದರೆ ನಂದಿಸು, ‘ಪುಟ್ ಆಫ್’ ಎಂದರೆ ಮುಂದಕ್ಕೆ ಹಾಕು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಇಡುವುದಕ್ಕೂ ಸಹಿಸುವುದಕ್ಕೂ ಏನು ಸಂಬಂಧವೆಂದು ಕೇಳಿದರೆ ಮೇಷ್ಟರು ತಲೆ ಕೆರೆದುಕೊಳ್ಳುತ್ತಾರೆ. ಅವರನ್ನು ದೂರುವಂತಿಲ್ಲ. ಆಂಗ್ಲ ನಿಘಂಟುಕಾರರಲ್ಲಿ ಹೆಸರಾದ ಸ್ಯಾಮ್ಯುಯಲ್ ಜಾನ್ಸನ್ನನೇ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಪರದೇಶೀಯರಿಗೆ ಅತಿ ಹೆಚ್ಚಿನ ಕಷ್ಟ ಕೊಡುವುದು ಈ ಜೋಡಿಗಳೇ ಎಂದು ಒಪ್ಪಿಕೊಂಡಿದ್ದಾನೆ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದುದು ಬಹಳ ತಡವಾಗಿ, ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕನ 1925ರ ಪುಸ್ತಕದಿಂದ. ಕಾಟ ಹಳೆಯದು, ಹೆಸರು ಹೊಸದು.

ಎಲ್ಲ ಪರದೇಶೀಯರಿಗೂ ಈ ಕಷ್ಟ ಒಂದೇ ಬಗೆಯದಲ್ಲ. ಸ್ಪೇನಿನವನ ಮಾತು ಲ್ಯಾಟಿನಿನಿಂದ ಬೆಳೆದುದು. ಮುಂದಕ್ಕೆ ಹಾಕುವುದಕ್ಕೆ ಅವನಲ್ಲಿ ‘ಪೊಸ್ಪೊನೆರ್’, ಸಹಿಸುವುದಕ್ಕೆ ‘ತೊಲೆರಾರ್’. ಆದುದರಿಂದ ಇಂಗ್ಲಿಷಿನ ‘ಪೋಸ್ಟ್‌ಪೋನ್’, ‘ಟಾಲರೇಟ್’ ಎಂಬ ಘನವಾದ ಶಬ್ದಗಳು ಅವನಿಗೆ ದಾಯಾದಿಗಳಂತೆ ಪರಿಚಿತ. ಮೂರು ಕಾಸಿನ ‘ಪುಟ್ ಆಫ್’ ಎದುರಾದಾಗಲೇ ಅವನು ಎಡವುವುದು. ಜರ್ಮನಿಯವನಿಗೆ ಈ ತೊಂದರೆ ಕಡಿಮೆ; ಅವನ ಭಾಷೆಯಲ್ಲಿಯೂ ಕ್ರಿಯಾಪದದ ತುಂಡೊಂದು ಕಳಚಿಕೊಂಡು ವಾಕ್ಯದ ಕೊನೆಗೆ ಹೋಗಿ ಕುಳಿತುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಡಿಕೇರಿಯ ಸರಕಾರಿ ಶಾಲೆಯ ಮುಖ್ಯಸ್ಥನಾಗಿದ್ದು, 1870ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದ ಜಿ. ರಿಕ್ಟರ್ ಜರ್ಮನಿಯವನೇ. ಕೊಡಗಿನ ಮಕ್ಕಳು ಇಂಗ್ಲಿಷ್ ಕಲಿತ ಶಾಲೆಯ ಹಿರಿಯನಿಗೂ ಇಂಗ್ಲಿಷ್ ತಾಯಿನುಡಿಯಾಗಿರಲಿಲ್ಲವೆಂಬುದು ನೆನೆಯತಕ್ಕ ಸಂಗತಿ.

ಕೊಡಗಿನ ವಿದ್ಯಾರ್ಥಿಯ ಸ್ಥಿತಿ ಇನ್ನೂ ವಿಚಿತ್ರ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಮಲಯಾಳ. ಶಾಲೆಯಲ್ಲಿ, ಪೇಟೆಯಲ್ಲಿ ಕನ್ನಡ. ಆ ಬಳಿಕ ಇಂಗ್ಲಿಷ್. ಅವನ ನುಡಿಗೆ ಲ್ಯಾಟಿನಿನ ನಂಟಿಲ್ಲ. ಆದರೂ ಅವನು ಮೊದಲು ಕಲಿಯುವುದು ಸ್ಪೇನಿನವನ ಇಂಗ್ಲಿಷನ್ನೇ! ಕಾರಣ, ನಮ್ಮ ದೇಶದಲ್ಲಿ ಇಂಗ್ಲಿಷ್ ಬೇರೂರಿದ್ದು ಕಚೇರಿಯ ಅರ್ಜಿಗಳಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ. ‘ಎಕ್ಸ್‌ಟಿಂಗ್ವಿಷ್’ ಎಂದು ತಪ್ಪಿಲ್ಲದೆ ಬರೆಯುವ ಹುಡುಗನು ‘ಪುಟ್ ಇಟ್ ಔಟ್!’ ಎಂಬ ಕೂಗು ಕೇಳಿದಾಗ ಬೆಂಕಿಯ ಮುಂದೆ ಒಂದು ಕ್ಷಣ ಸುಮ್ಮನೆ ನಿಂತುಬಿಡುತ್ತಾನೆ.

ಅರ್ಥವಾಗಲಿಲ್ಲವೆಂದು ತಿಳಿದಿದ್ದರೆ ಕೇಳಬಹುದು. ಅರ್ಥವಾಯಿತೆಂದೇ ಭ್ರಮಿಸಿದಾಗ ಅಪಾಯ ಹೆಚ್ಚು. ವಿರಾಜಪೇಟೆಯ ತರುಣಿಯೊಬ್ಬಳಿಗೆ ಬೆಂಗಳೂರಿನಲ್ಲಿ ಸಂದರ್ಶನ ಗೊತ್ತಾಗಿದೆಯೆಂದುಕೊಳ್ಳೋಣ. ಹಿಂದಿನ ವಾರ ಕಚೇರಿಯಿಂದ ಒಂದು ಸಂದೇಶ: ಸಂದರ್ಶನವನ್ನು ‘ಬ್ರಿಂಗ್ ಫಾರ್ವರ್ಡ್’ ಮಾಡಲಾಗಿದೆ. ‘ಫಾರ್ವರ್ಡ್’ ಎಂದರೆ ಮುಂದೆ; ಮುಂದೆ ಹಾಕಿದರು, ಮುಂದೂಡಿದರು ಎಂದರೆ ಕನ್ನಡದಲ್ಲಿ ತಡವಾಯಿತೆಂದೇ ಅರ್ಥ. ಅವಳು ನೆಮ್ಮದಿಯಿಂದ ಕುಳಿತಳು. ಇಂಗ್ಲಿಷಿನಲ್ಲಿ ಅದರ ಅರ್ಥ ನೇರ ವಿರುದ್ಧ: ಗೊತ್ತುಮಾಡಿದ ದಿನಕ್ಕಿಂತ ಮೊದಲೇ ನಡೆಯುತ್ತದೆ! ಅವಳು ಬಸ್ಸು ಹತ್ತುವ ಹೊತ್ತಿಗೆ ಕೆಲಸ ಇನ್ನೊಬ್ಬರ ಪಾಲಾಗಿರುತ್ತದೆ. ಭಾರತೀಯರು ಬಳಸುವ ‘ಪ್ರೀಪೋನ್’ ಎಂಬ ಶಬ್ದವನ್ನು ಕಂಡು ನಗುವವರುಂಟು. ನಗಬೇಕಾದುದಿಲ್ಲ, ಈ ಗೊಂದಲಕ್ಕೆ ಅಷ್ಟು ಚೊಕ್ಕವಾದ ಮದ್ದು ಬೇರೊಂದಿಲ್ಲ.

‘ಗೋ ಆಫ್’ ಎಂಬ ಜೋಡಿಯೂ ಇಂತಹುದೇ. ಮಳೆಗಾಲದಲ್ಲಿ ಕೊಡಗಿನಲ್ಲಿ ದೀಪ ಆಗಾಗ ‘ಗೋ ಆಫ್’ ಆಗುತ್ತದೆ, ಅಂದರೆ ಆರುತ್ತದೆ. ಕೈಲ್ ಪೋಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯ ವಿಷಯದಲ್ಲಿ ಅದೇ ಮಾತು ಬಂದರೆ? ಅದು ಆರಿಹೋಗಲಿಲ್ಲ, ಗುಂಡು ಹಾರಿತು! ಗಡಿಯಾರದ ಎಚ್ಚರಗಂಟೆ ‘ಗೋ ಆಫ್’ ಆದರೆ ಬಾರಿಸಿತೆಂದೇ ಹೊರತು ನಿಂತಿತೆಂದಲ್ಲ.

ಹಾಗಾದರೆ ಇವೆಲ್ಲವನ್ನೂ ಪಟ್ಟಿ ಮಾಡಿ ಉರುಹೊಡೆಯಬೇಕೆ? ಅನೇಕ ಶಾಲೆಗಳಲ್ಲಿ ನಡೆಯುವುದು ಅದೇ. ಪರೀಕ್ಷೆಯ ಮರುದಿನವೇ ಪಟ್ಟಿ ಮರೆತುಹೋಗುವುದೂ ಅಷ್ಟೇ ನಿಜ. ಉಪಾಯವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ‘ಹೇಳು’ ಎಂಬ ನಮ್ಮ ಕ್ರಿಯಾಪದವನ್ನೇ ತೆಗೆದುಕೊಳ್ಳಿ. ಹೇಳಿಕೊಡು ಎಂದರೆ ಕಲಿಸು; ಹೇಳಿಕೊ ಎಂದರೆ ಮನಸ್ಸಿನ ಭಾರ ಇಳಿಸು; ಹೇಳಿಬಿಡು ಎಂದರೆ ಮುಚ್ಚುಮರೆಯಿಲ್ಲದೆ ಆಡಿ ಮುಗಿಸು. ಕೊಡುವುದಕ್ಕೆ ಇಲ್ಲಿ ಕೈಯಿಲ್ಲ, ಬಿಡುವುದಕ್ಕೆ ಹಗ್ಗವಿಲ್ಲ. ನಮ್ಮ ಭಾಷೆ ಕಲಿಯಲು ಬಂದ ಪರದೇಶೀಯನು ಇವುಗಳ ಮುಂದೆ ಬೆವರುತ್ತಾನೆ; ನಮ್ಮ ಮಗುವಿಗೆ ಮೂರನೆಯ ವರುಷಕ್ಕೇ ಇವೆಲ್ಲ ಸಲೀಸು. ಅಂದಮೇಲೆ ‘ತಿಂದುಹಾಕು’ ಎಂಬುದನ್ನು ಬಲ್ಲವನಿಗೆ ‘ಈಟ್ ಅಪ್’ ಏಕೆ ಕಷ್ಟವಾಗಬೇಕು? ಅಲ್ಲಿನ ‘ಅಪ್’ಗೂ ಮೇಲಕ್ಕೂ ಸಂಬಂಧವಿಲ್ಲ, ಅದು ನಮ್ಮ ಹಾಕು, ಬಿಡುಗಳಂತೆ ಕೆಲಸ ಪೂರ್ತಿಯಾಯಿತೆಂದು ಸಾರುವ ಮುದ್ರೆ. ‘ರನ್ ಅವೇ’ ನಮ್ಮ ಓಡಿಹೋಗು. ‘ಲುಕ್ ಆಫ್ಟರ್’ ನಮ್ಮ ನೋಡಿಕೊ. ಕಾಣುವ ಕಣ್ಣೇ ಕಾಯುವ ಕಣ್ಣಾಗುವ ಈ ಸೋಜಿಗ ಎರಡು ಭಾಷೆಗಳಲ್ಲಿಯೂ ಒಂದೇ.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ನಮ್ಮ ಬಾಲಂಗೋಚಿ ಕ್ರಿಯಾಪದಕ್ಕೆ ಅಂಟಿಕೊಂಡೇ ಇರುತ್ತದೆ. ಇಂಗ್ಲಿಷಿನದು ಕೆಲವೊಮ್ಮೆ ದಾರ ಹರಿದು ದೂರ ಹೋಗುತ್ತದೆ. ದೀಪವನ್ನು ‘ಪುಟ್ ಔಟ್ ದ ಲ್ಯಾಂಪ್’ ಎಂದರೂ ಸರಿ, ‘ಪುಟ್ ದ ಲ್ಯಾಂಪ್ ಔಟ್’ ಎಂದರೂ ಸರಿ. ದೀಪದ ಬದಲು ‘ಇಟ್’ ಎಂಬ ಸರ್ವನಾಮ ಬಂದರೆ ಮಾತ್ರ ಆಯ್ಕೆಯಿಲ್ಲ; ‘ಪುಟ್ ಇಟ್ ಔಟ್’ ಎಂದೇ ಆಗಬೇಕು. ‘ಲುಕ್ ಆಫ್ಟರ್’ನ ನಡುವೆಯಾದರೋ ಯಾರಿಗೂ ಪ್ರವೇಶವಿಲ್ಲ. ಯಾವುದು ಬಿಡಿಸಿಕೊಳ್ಳುವ ಜೋಡಿ, ಯಾವುದು ಅಗಲದ ಜೋಡಿ ಎಂಬುದನ್ನು ಕಿವಿಯೂ ಹೇಳಬಲ್ಲದು: ಅಗಲಬಲ್ಲ ಜೋಡಿಯಲ್ಲಿ ಮಾತಿನ ಒತ್ತು ‘ಔಟ್’ನಂತಹ ಬಾಲಂಗೋಚಿಯ ಮೇಲೆ ಬೀಳುತ್ತದೆ; ಅಗಲದ ಜೋಡಿಯಲ್ಲಿ ಸಾಮಾನ್ಯವಾಗಿ ‘ಲುಕ್’ನಂತಹ ಕ್ರಿಯಾಪದದ ಮೇಲೆ. ಆದುದರಿಂದ ಇವನ್ನು ಗಟ್ಟಿಯಾಗಿ ಓದಿಯೇ ಕಲಿಯಬೇಕು. ಬರೆದುಕೊಳ್ಳುವಾಗಲೂ ಬರಿಯ ಜೋಡಿಯನ್ನಲ್ಲ, ‘ಇಟ್’ ಸೇರಿದ ಇಡೀ ವಾಕ್ಯವನ್ನು ಬರೆದುಕೊಳ್ಳುವುದು ಲೇಸು. ಇಲ್ಲದಿದ್ದರೆ ಬಾಲಂಗೋಚಿಗಳು ಕಂಡಕಂಡಲ್ಲಿ ಅಂಟಿಕೊಳ್ಳುತ್ತವೆ. ‘ಕೋಪ್ ವಿತ್’ ಎನ್ನಬೇಕಾದಲ್ಲಿ ನಮ್ಮವರಲ್ಲಿ ಅನೇಕರು ‘ಕೋಪ್ ಅಪ್ ವಿತ್’ ಎನ್ನುವುದು ‘ಕ್ಯಾಚ್ ಅಪ್ ವಿತ್’ನ ಸಹವಾಸದೋಷದಿಂದಲೇ ಇರಬೇಕು.

ಮೇಷ್ಟರು ಪಾಠವನ್ನು ಎಲ್ಲಿಂದ ಆರಂಭಿಸಬೇಕು? ಅಜ್ಜಿಯಿಂದಲೇ ಆರಂಭಿಸಬಹುದು. ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ಅಜ್ಜಿ ‘ಲೈಟ್ ಆಫ್ ಮಾಡು’ ಎನ್ನುತ್ತಾಳೆ. ‘ಸ್ವಿಚ್ ಆಫ್’ನಲ್ಲಿ ಕ್ರಿಯಾಪದವೆನಿಸಿಕೊಂಡ ‘ಸ್ವಿಚ್’ ಅನ್ನು ಅವಳು ಎತ್ತಿ ಎಸೆದಿದ್ದಾಳೆ. ಬಾಲಂಗೋಚಿಯನ್ನು ಉಳಿಸಿಕೊಂಡು ಅದಕ್ಕೆ ತನ್ನ ‘ಮಾಡು’ ಕಟ್ಟಿದ್ದಾಳೆ. ತಿರುಳು ಎಲ್ಲಿದೆಯೆಂಬುದನ್ನು ವ್ಯಾಕರಣವಿಲ್ಲದೆಯೇ ಅರಿತ ಜಾಣೆ! ಹೋಂಸ್ಟೇಗಳ ಹುಡುಗರು ಅತಿಥಿಗಳನ್ನು ‘ಪಿಕಪ್ ಮಾಡುವುದೂ’, ‘ಚೆಕೌಟ್ ಮಾಡಿಸುವುದೂ’ ಇದೇ ಜಾಣತನದಿಂದ. ಶಾಲೆಯಲ್ಲಿ ಉಳಿದಿರುವ ಕೆಲಸ, ಅಜ್ಜಿ ಎಸೆದ ಕ್ರಿಯಾಪದಗಳನ್ನು ಆಯ್ದು ಅವುಗಳ ಜಾಗದಲ್ಲಿ ಕೂರಿಸುವುದು: ದೀಪಕ್ಕೆ ‘ಸ್ವಿಚ್ ಆಫ್’, ನಲ್ಲಿಗೆ ‘ಟರ್ನ್ ಆಫ್’, ತಲೆಯ ಮೇಲಿನ ಟೋಪಿಗೆ ‘ಟೇಕ್ ಆಫ್’. ಒಲೆಯ ಕೆಂಡಕ್ಕೆ ಮಾತ್ರ ‘ಆಫ್’ ಒಗ್ಗುವುದಿಲ್ಲ. ಅಲ್ಲಿ ‘ಪುಟ್ ಔಟ್’ ಎಂದೇ ಹೇಳಬೇಕು.