ಬಿಗಿ ಚೋಕ್ ಎಲ್ಲಕ್ಕೂ ಒಳ್ಳೆಯದಲ್ಲ

ಪ್ರಶ್ನೆ: ಶಾಟ್‌ಗನ್‌ಗೆ ಬೇರೆ ಕಂಪನಿಯ ಚೋಕ್ ಟ್ಯೂಬ್ ಹಾಕಿದರೆ ಗುರಿ ಸುಧಾರಿಸುತ್ತದೆಯೇ? (ಓದುಗರು, ಯಲಹಂಕ)

ದೂರಕ್ಕೆ ತಕ್ಕ ಚೋಕ್ ಆದರೆ ಮಾತ್ರ. ನಳಿಕೆಯ ತುದಿಯನ್ನು ಕೊಂಚ ಕಿರಿದಾಗಿಸಿ ಚರೆಗಳ ಹರಡುವಿಕೆಯನ್ನು ಹಿಡಿತದಲ್ಲಿಡುವುದಷ್ಟೇ ಅದರ ಕೆಲಸ. 40 ಗಜ ದೂರದ 30 ಇಂಚಿನ ವೃತ್ತಕ್ಕೆ ಬಿಗಿಯಾದ ಫುಲ್ ಚೋಕ್‌ನಲ್ಲಿ ಸುಮಾರು 70% ಚರೆ ಬೀಳುತ್ತದೆ, ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್‌ನಲ್ಲಿ 50%. ದಟ್ಟವಾದಷ್ಟೂ ಒಳ್ಳೆಯದಲ್ಲವೇ ಎನ್ನಬಹುದು. ಆದರೆ ಸ್ಕೀಟ್‌ನಲ್ಲಿ ಕ್ಲೇ ತಟ್ಟೆ ಸಿಗುವುದು 20 ಗಜದ ಆಸುಪಾಸಿನಲ್ಲಿ. ಅಲ್ಲಿ ಬಿಗಿ ಚೋಕ್ ಹರವನ್ನು ಕುಗ್ಗಿಸುವುದರಿಂದ, ಗುರಿ ಸ್ವಲ್ಪ ಅತ್ತಿತ್ತಾದರೂ ತಟ್ಟೆ ಉಳಿದುಬಿಡುತ್ತದೆ. ತಟ್ಟೆ ದೂರ ಓಡುವ ಟ್ರ್ಯಾಪ್‌ಗೆ ಬಿಗಿ ಚೋಕ್ ಸರಿ.

ಬ್ರಾಂಡಿಗಿಂತ ಮೊದಲು ಥ್ರೆಡ್ ನೋಡಿ. ಮೊಬಿಲ್‌ಚೋಕ್, ಆಪ್ಟಿಮಾ ಎರಡೂ ಬೆರೆಟ್ಟಾದವೇ, ಆದರೂ ಒಂದರ ಜಾಗಕ್ಕೆ ಇನ್ನೊಂದು ಕೂರದು. ಸರಿಯಾಗಿ ಕೂರದ ಟ್ಯೂಬ್ ನಳಿಕೆಯನ್ನೇ ಹಾಳುಮಾಡಬಹುದು. ಕೊಳ್ಳುವ ಮೊದಲು, ಈಗಿರುವ ಚೋಕ್‌ನಲ್ಲೇ ನೀವು ಬಳಸುವ ಕಾರ್ಟ್ರಿಜ್ ಹಾಕಿ, ರೇಂಜ್‌ನಲ್ಲಿ ದೊಡ್ಡ ಕಾಗದಕ್ಕೆ ಹೊಡೆದು ತೂತುಗಳನ್ನು ಎಣಿಸಿ.